ಓದುವುದು ಮತ್ತು ಒಪ್ಪಿಸುವುದು: ೧೮೨೨–೨೩ರ ಎರಡು ವರದಿಗಳೂ ನಮ್ಮ ವಿದ್ಯಾರ್ಥಿಗಳ ವ್ಯಾಸಂಗಕ್ರಮವೂ

೧

ವಿದ್ಯಾರ್ಥಿಗಳ ವ್ಯಾಸಂಗಕ್ರಮವನ್ನು ಕುರಿತು ನಮ್ಮಲ್ಲಿ ಉಪದೇಶಕ್ಕೆ ಕೊರತೆಯಿಲ್ಲ. ಬೆಳಗಿನ ಜಾವದಲ್ಲಿ ಎದ್ದು ಓದಬೇಕು, ವೇಳಾಪಟ್ಟಿಯನ್ನು ಹಾಕಿಕೊಳ್ಳಬೇಕು, ಮುಖ್ಯವೆಂದು ತೋರಿದ ವಾಕ್ಯಗಳ ಕೆಳಗೆ ಗೆರೆ ಎಳೆಯಬೇಕು, ಒಮ್ಮೆಗೆ ತಿಳಿಯದಿದ್ದರೆ ನಾಲ್ಕು ಬಾರಿ ಓದಬೇಕು, ಎಲ್ಲಕ್ಕೂ ಮಿಗಿಲಾಗಿ ಕಂಠಪಾಠವನ್ನು ಬಿಡಬೇಕು ಎಂಬ ಮಾತುಗಳನ್ನು ಕೇಳದ ವಿದ್ಯಾರ್ಥಿಯೇ ಇರಲಾರನು. ಈ ಉಪದೇಶವನ್ನು ಅಕ್ಷರಶಃ ಪಾಲಿಸಿದವರೂ ಪರೀಕ್ಷೆಯ ದಿನ ತಾವು ಓದಿದ್ದು ನೆನಪಿಗೆ ಬರಲಿಲ್ಲವೆಂದು ಹೇಳುವುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ದೋಷವು ವಿದ್ಯಾರ್ಥಿಯ ಬುದ್ಧಿಯಲ್ಲಿದೆಯೋ, ಶ್ರಮದಲ್ಲಿದೆಯೋ, ಅಥವಾ ಉಪದೇಶದಲ್ಲಿಯೇ ಇದೆಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಇಲ್ಲಿ ಇತಿಹಾಸದ ದೃಷ್ಟಿಯಿಂದ ಎತ್ತಿಕೊಂಡಿದ್ದೇವೆ. ನಮ್ಮ ನಾಡಿನ ಹಳೆಯ ಶಾಲೆಗಳಲ್ಲಿ ಮಕ್ಕಳು ಹೇಗೆ ಕಲಿಯುತ್ತಿದ್ದರು, ಅದನ್ನು ಕಂಡವರು ಏನೆಂದು ಬರೆದರು, ಆ ಬರಹವನ್ನು ನಾವು ಹೇಗೆ ಓದಿಕೊಂಡಿದ್ದೇವೆ ಎಂಬುದನ್ನು ಪರಿಶೀಲಿಸಿದರೆ ಇಂದಿನ ತೊಡಕಿನ ಮೂಲವು ಸ್ವಲ್ಪಮಟ್ಟಿಗೆ ಗೋಚರಿಸುವುದೆಂದು ನಮ್ಮ ನಂಬಿಕೆ. ಹಳೆಯದನ್ನೆಲ್ಲ ಹೊಗಳುವುದಾಗಲಿ ಹೊಸದನ್ನು ಹಳಿಯುವುದಾಗಲಿ ಈ ಲೇಖನದ ಉದ್ದೇಶವಲ್ಲ.

೨

೧೮೨೨ರ ಜೂನ್ ತಿಂಗಳಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿರುವ ದೇಶೀಯ ಶಾಲೆಗಳ ವಿವರವನ್ನು ಸಂಗ್ರಹಿಸಬೇಕೆಂದು ಗೊತ್ತುಮಾಡಿದನು. ಇದರಂತೆ ಕಲೆಕ್ಟರುಗಳಿಗೆ ಒಂದು ಕೋಷ್ಟಕವು ಹೋಯಿತು. ಇಂದಿನ ಸಿದ್ದಾಪುರ, ಶಿರಸಿ, ಯಲ್ಲಾಪುರ ಸೀಮೆಯು ಆಗ ಮದರಾಸು ಆಧಿಪತ್ಯದ ಕೆನರಾ ಜಿಲ್ಲೆಗೆ ಸೇರಿತ್ತು. ಉತ್ತರ ಕೆನರಾ ಬೇರೆ ಜಿಲ್ಲೆಯಾಗಿ ಮುಂಬಯಿ ಆಧಿಪತ್ಯಕ್ಕೆ ವರ್ಗವಾದದ್ದು ೧೮೬೨ರಲ್ಲಿ. ಆದ್ದರಿಂದ ಈ ಸೀಮೆಯ ವಿಷಯವನ್ನು ತಿಳಿಸಬೇಕಾಗಿದ್ದವನು ಮಂಗಳೂರಿನಲ್ಲಿದ್ದ ಕಲೆಕ್ಟರನು. ೧೭೯೯–೧೮೦೦ರಲ್ಲಿ ಮನ್ರೋ ಸ್ವತಃ ಇದೇ ಜಿಲ್ಲೆಯ ಕಲೆಕ್ಟರನಾಗಿದ್ದನೆಂಬುದನ್ನೂ ಇಲ್ಲಿ ನೆನೆಯಬಹುದು.

ಕೆನರಾದಿಂದ ೧೮೨೨ರ ಆಗಸ್ಟ್ ತಿಂಗಳಲ್ಲಿ ಬಂದ ಉತ್ತರವು ವಿಚಿತ್ರವಾದುದು. ಕೋಷ್ಟಕವನ್ನು ತುಂಬಿರಲಿಲ್ಲ. ಈ ಜಿಲ್ಲೆಯಲ್ಲಿ ಶಾಸ್ತ್ರವ್ಯಾಸಂಗದ ಕಾಲೇಜುಗಳಿಲ್ಲ, ಸ್ಥಿರವಾದ ಶಾಲೆಗಳೂ ಅವುಗಳಿಗೆ ನಿಯತರಾದ ಉಪಾಧ್ಯಾಯರೂ ಇಲ್ಲ, ವಿದ್ಯಾಭ್ಯಾಸವು ಖಾಸಗಿಯಾಗಿ ಮನೆಗಳಲ್ಲಿ ನಡೆಯುತ್ತದೆ, ಆದ್ದರಿಂದ ಎಣಿಕೆಯು ಸಾಧ್ಯವಲ್ಲ ಎಂಬುದು ಅದರ ಸಾರಾಂಶ. ಮದರಾಸು ಆಧಿಪತ್ಯಕ್ಕೆಲ್ಲ ೧೨,೪೯೮ ಶಾಲೆಗಳೆಂದೂ ೧,೮೮,೬೫೦ ವಿದ್ಯಾರ್ಥಿಗಳೆಂದೂ ೧೮೨೬ರಲ್ಲಿ ಮನ್ರೋ ಕೊಟ್ಟ ಮೊತ್ತದಲ್ಲಿ ಘಟ್ಟದ ಮೇಲಿನ ನಮ್ಮ ಈ ಸೀಮೆಯ ಒಬ್ಬ ಬಾಲಕನೂ ಲೆಕ್ಕಕ್ಕೆ ಬಂದಿಲ್ಲ.

ಇದಕ್ಕೆ ವಿರುದ್ಧವಾಗಿ ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿಯು ಎಲ್ಲ ಜಿಲ್ಲೆಗಳ ವರದಿಗಳಲ್ಲಿಯೂ ವಿಸ್ತಾರವಾದುದೆಂದು ಪ್ರಸಿದ್ಧವಾಗಿದೆ. ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಕನ್ನಡ ಕಲಿಸುವ ಶಾಲೆಗಳು ೨೩೫, ತೆಲುಗಿನವು ೨೨೬. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ೬೦ ಮಂದಿ ಮಾತ್ರ. ಕ್ಯಾಂಪ್‌ಬೆಲ್ಲನು ತೆಲುಗು ವ್ಯಾಕರಣವನ್ನು ೧೮೧೬ರಲ್ಲಿಯೇ ಪ್ರಕಟಿಸಿದ್ದವನು. ದೇಶಭಾಷೆಗಳ ಪಾಠವನ್ನು ಕುರಿತು ಅವನು ಹೇಳುವ ಮಾತನ್ನು ಅನ್ಯನೊಬ್ಬನ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಧರ್ಮಪಾಲರು ೧೯೮೩ರಲ್ಲಿ ಈ ಕಾಗದಪತ್ರಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದ ತರುವಾಯ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದಿದೆ. ಆ ಚರ್ಚೆಯು ಬಹುಮಟ್ಟಿಗೆ ಸಂಖ್ಯೆಯ ಸುತ್ತಲೂ ತಿರುಗಿತು. ಶಾಲೆಗಳೆಷ್ಟು, ಯಾವ ಜಾತಿಯವರೆಷ್ಟು, ಕಂಪೆನಿಯ ಆಳಿಕೆಯಿಂದ ಅವು ಕ್ಷೀಣಿಸಿದವೇ ಇಲ್ಲವೇ ಎಂಬುವು ಅದರ ಪ್ರಶ್ನೆಗಳು. ಇವು ಮುಖ್ಯವಾದ ಪ್ರಶ್ನೆಗಳೇ ಸರಿ. ಆದರೆ ಬಳ್ಳಾರಿಯ ವರದಿಯಲ್ಲಿ ಸಂಖ್ಯೆಗಿಂತ ಬೆಲೆಯುಳ್ಳ ಭಾಗವೊಂದಿದೆ. ಅದು ಕಲಿಯುವ ರೀತಿಯ ವರ್ಣನೆ. ಆ ಭಾಗಕ್ಕೆ ಸಲ್ಲಬೇಕಾದಷ್ಟು ಗಮನವು ಸಂದಿಲ್ಲವೆಂದು ನಮಗೆ ತೋರುತ್ತದೆ.

೩

ಆ ವರ್ಣನೆಯ ಪ್ರಕಾರ ಮಗುವು ಐದನೆಯ ವರ್ಷದಲ್ಲಿ ಗಣಪತಿಯ ಪೂಜೆಯೊಡನೆ ಶಾಲೆಗೆ ಸೇರುತ್ತದೆ. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತೀಡಿಸುತ್ತಾರೆ. ತೀಡುವಾಗ ಅದನ್ನು ಗಟ್ಟಿಯಾಗಿ ಉಚ್ಚರಿಸಬೇಕು. ಮುಂದೆ ಹಲಗೆಯ ಮೇಲೆ, ಇಲ್ಲವೆ ಕಡತದ ಮೇಲೆ ಬಳಪದಿಂದ ಬರೆಯುವುದು. ಬಟ್ಟೆಗೆ ಅಕ್ಕಿಯ ಗಂಜಿಯನ್ನು ಹಾಕಿ, ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟುಗಳನ್ನು ಬಳಿದು ಕಡತವನ್ನು ಮಾಡುತ್ತಿದ್ದರು. ಬರೆದುದನ್ನು ಒದ್ದೆ ಬಟ್ಟೆಯಿಂದ ಒರಸಿಬಿಡಬಹುದು. ಮಕ್ಕಳನ್ನು ವರ್ಗಗಳಾಗಿ ವಿಂಗಡಿಸಿ, ಕೆಳಗಿನ ವರ್ಗಗಳನ್ನು ಮುಂದುವರಿದ ಹುಡುಗರ ವಶಕ್ಕೆ ಕೊಡುತ್ತಿದ್ದರು; ಮೇಲಿನ ವರ್ಗವನ್ನು ಉಪಾಧ್ಯಾಯನೇ ನೋಡಿಕೊಳ್ಳುತ್ತಿದ್ದನು. ಊರಿನಿಂದ ತಂದ ನಿಜವಾದ ಕಾಗದಪತ್ರಗಳನ್ನು ಕೊಟ್ಟು ಬಗೆಬಗೆಯ ಕೈಬರಹಗಳನ್ನು ಓದಿಸುವುದು, ಕರಾರುಪತ್ರಗಳನ್ನು ಬರೆಯಿಸುವುದು, ಮಗ್ಗಿ ಹೇಳಿಸುವುದು, ಪದ್ಯಗಳನ್ನು ಬಾಯಿಪಾಠ ಮಾಡಿಸುವುದು ಇವು ಉಳಿದ ಪಾಠಗಳು. ಶಿಕ್ಷೆಯೂ ಕಡಮೆಯದಾಗಿರಲಿಲ್ಲ. ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆದರೆ, ಮೂರನೆಯವನಿಂದ ಮೊದಲುಗೊಂಡು ಏಟು ಒಂದೊಂದಾಗಿ ಏರುತ್ತಿತ್ತು.

ಈ ವ್ಯವಸ್ಥೆಯ ವಿಷಯದಲ್ಲಿ ಕ್ಯಾಂಪ್‌ಬೆಲ್ಲನ ತೀರ್ಪು ಎರಡು ಬಗೆಯದು. ಮುಂದುವರಿದವನು ಹಿಂದುಳಿದವನಿಗೆ ಕಲಿಸುತ್ತ ತನ್ನ ವಿದ್ಯೆಯನ್ನೂ ದೃಢಪಡಿಸಿಕೊಳ್ಳುವ ಕ್ರಮವನ್ನು ಅವನು ಮನಸಾರೆ ಮೆಚ್ಚಿ, ಇದನ್ನು ಇಂಗ್ಲೆಂಡಿನವರು ಅನುಸರಿಸಿದ್ದು ಯೋಗ್ಯವಾಗಿಯೇ ಇದೆಯೆಂದನು. ಈ ಅನುಸರಣೆಯ ಕಥೆ ಪ್ರಸಿದ್ಧವಾದುದು. ೧೭೮೯ರಿಂದ ಮದರಾಸಿನ ಎಗ್ಮೋರಿನ ಅನಾಥಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಪ್ರಯೋಗಿಸಿ, ೧೭೯೭ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಅಲ್ಲಿಂದ ಅದು ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಹರಡಿತು.

ಕ್ಯಾಂಪ್‌ಬೆಲ್ಲನ ಎರಡನೆಯ ತೀರ್ಪು ಕಠಿನವಾದುದು. ಪಾಠದ ಪುಸ್ತಕಗಳೆಲ್ಲ ಪದ್ಯದಲ್ಲಿವೆ. ಅವುಗಳ ಭಾಷೆ ಮಾತಿನ ಭಾಷೆಗಿಂತ ಬೇರೆ. ಹುಡುಗರು ಅಸಂಖ್ಯ ಪದ್ಯಗಳನ್ನು ತಪ್ಪಿಲ್ಲದೆ ಹೇಳಬಲ್ಲರಾದರೂ ಅರ್ಥವನ್ನು ಮಾತ್ರ ಗಿಳಿಯಷ್ಟೇ ಬಲ್ಲರು ಎಂದು ಅವನು ಆಕ್ಷೇಪಿಸಿದನು. ಮುಂದಿನ ಇನ್ನೂರು ವರ್ಷಗಳಲ್ಲಿ ನಮ್ಮ ಶಿಕ್ಷಣದ ಚರ್ಚೆಯಲ್ಲಿ ಉಳಿದುಕೊಂಡದ್ದು ಈ ಗಿಳಿಯ ಹೋಲಿಕೆಯೇ. ಕಂಠಪಾಠವೆಂದರೆ ಗಿಳಿಪಾಠ ಎಂಬ ಸಮೀಕರಣವು ನಮ್ಮಲ್ಲಿ ಬೇರೂರಿತು.

ಆಕ್ಷೇಪವು ನಿರಾಧಾರವಾದುದಲ್ಲ. ಅರ್ಥವರಿಯದ ವೇದಾಧ್ಯಯನವನ್ನು ಯಾಸ್ಕನು ತನ್ನ ನಿರುಕ್ತದಲ್ಲಿಯೇ ಖಂಡಿಸಿದ್ದಾನೆ. ಆದ್ದರಿಂದ ಇದು ಪಾಶ್ಚಾತ್ಯರು ತಂದ ಹೊಸ ವಿಚಾರವೂ ಅಲ್ಲ. ಆದರೆ ಈ ಖಂಡನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಒಂದು, ಅರ್ಥವಿಲ್ಲದೆ ಕಲಿಯುವುದು. ಇನ್ನೊಂದು, ಕಲಿತುದನ್ನು ಪುಸ್ತಕವಿಲ್ಲದೆ ಇನ್ನೊಬ್ಬರೆದುರಿಗೆ ಹೇಳುವುದು. ಮೊದಲನೆಯದು ದೋಷ, ಎರಡನೆಯದು ಗುಣ. ನಮ್ಮ ಭಾಷೆಯಲ್ಲಿ ಈ ಎರಡನೆಯದಕ್ಕೆ ಅಂದವಾದ ಒಂದು ಮಾತಿದೆ: ಪಾಠವನ್ನು ‘ಒಪ್ಪಿಸುವುದು’. ಸಾಲವನ್ನು ತೀರಿಸುವವನು ಹಣವನ್ನು ಒಪ್ಪಿಸುವಂತೆ, ಗುರುವಿನಿಂದ ಪಡೆದ ಪಾಠವನ್ನು ಶಿಷ್ಯನು ಮರಳಿ ಒಪ್ಪಿಸುತ್ತಾನೆ. ಒಪ್ಪಿಸುವವನಿದ್ದರೆ ಒಪ್ಪಿಸಿಕೊಳ್ಳುವವನೂ ಇರಲೇಬೇಕು. ಓದುವುದಕ್ಕೆ ಒಬ್ಬನು ಸಾಕು. ಒಪ್ಪಿಸುವುದಕ್ಕೆ ಇಬ್ಬರು ಬೇಕು.

ಹಳೆಯ ಶಾಲೆಯ ಬಡತನವೂ ಇಲ್ಲಿ ಸಹಾಯಕವಾಯಿತೆಂದು ನಾವು ಭಾವಿಸುತ್ತೇವೆ. ಮರಳಿನ ಮೇಲೆ ಬರೆದದ್ದು ಉಳಿಯುವುದಿಲ್ಲ. ಕಡತದ ಮೇಲೆ ಬರೆದದ್ದನ್ನು ನಾಳೆಯ ಪಾಠಕ್ಕಾಗಿ ಒರಸಬೇಕು. ನಿನ್ನೆಯ ಪಾಠವು ಇಂದು ಬೇಕಾದರೆ ತಿರುವಿ ನೋಡಲು ಹಾಳೆಯಿಲ್ಲ, ಮನಸ್ಸಿನಿಂದಲೇ ತೆಗೆಯಬೇಕು. ವೈದಿಕ ಪಾಠದಲ್ಲಿಯೂ ಇದೇ ಕ್ರಮವು ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ. ಗುರುವು ಸಂಥೆ ಹೇಳಿಕೊಟ್ಟುದನ್ನು ಶಿಷ್ಯನು ಮರಳಿ ಹೇಳಬೇಕು. ಆಮೇಲೆ ಅದೇ ಪದಗಳನ್ನು ಕ್ರಮ, ಜಟೆ, ಘನ ಎಂದು ಹಿಂದುಮುಂದಾಗಿ ಹೆಣೆದು ಹೇಳಬೇಕು. ಒಂದೇ ಧಾಟಿಯಲ್ಲಿ ನಾಲಗೆ ತಾನಾಗಿ ಓಡುವುದಕ್ಕೆ ಈ ಹೆಣಿಗೆಯು ಅವಕಾಶ ಕೊಡುವುದಿಲ್ಲ. ಪ್ರತಿಯೊಂದು ಪದದಲ್ಲಿಯೂ ಎಚ್ಚರವು ಬೇಕು.

೪

ಈ ಮಾತು ಕೇವಲ ಹಿಂದಿನದರ ಮೇಲಣ ಮೋಹವೆಂದು ಕೆಲವರು ಹೇಳಬಹುದು. ಆದ್ದರಿಂದ ಆಧುನಿಕ ಮನಶ್ಶಾಸ್ತ್ರವು ಪ್ರಯೋಗಗಳಿಂದ ಕಂಡುಕೊಂಡದ್ದನ್ನು ಇಲ್ಲಿ ಪರಿಶೀಲಿಸುವುದು ಅವಶ್ಯ.

ಜರ್ಮನಿಯ ಎಬಿಂಗ್‌ಹೌಸ್ ೧೮೮೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಲಿತು ಮರೆಯುವ ಪರಿಯನ್ನು ಅಳೆದನು. ಮರೆವು ಮೊದಮೊದಲು ಬಹು ವೇಗವಾಗಿಯೂ ಅನಂತರ ನಿಧಾನವಾಗಿಯೂ ಸಾಗುತ್ತದೆಂದು ಅವನು ಕಂಡನು. ಒಂದೇ ಸಲಕ್ಕೆ ೬೮ ಬಾರಿ ಆವೃತ್ತಿ ಮಾಡಿದುದರ ಫಲವು ಮೂರು ದಿನಗಳಿಗೆ ಹಂಚಿದ ೩೮ ಆವೃತ್ತಿಗಳಿಂದಲೇ ಸಿಕ್ಕಿತು. ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಹೇಳಿಸುವ ಮಗ್ಗಿಯ ಪದ್ಧತಿಗೂ, ಪರೀಕ್ಷೆಯ ಹಿಂದಿನ ರಾತ್ರಿಯ ಜಾಗರಣೆಗೂ ಇರುವ ಅಂತರವು ಈ ಎರಡು ಸಂಖ್ಯೆಗಳಲ್ಲಿ ಅಡಗಿದೆ.

೧೯೩೯ರಲ್ಲಿ ಸ್ಪಿಟ್ಸರ್ ಎಂಬ ವಿದ್ವಾಂಸನು ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಆರನೆಯ ತರಗತಿಯ ೩,೬೦೫ ಮಕ್ಕಳ ಮೇಲೆ ನಡೆಸಿದ ಪ್ರಯೋಗದಿಂದ, ಓದಿದ ಕೂಡಲೆ ಪ್ರಶ್ನೆಗಳಿಗೆ ಉತ್ತರಿಸಿದ ಮಕ್ಕಳು ವಾರಗಳ ತರುವಾಯವೂ ಹೆಚ್ಚನ್ನು ನೆನಪಿಟ್ಟರೆಂದು ತೋರಿತು. ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬಿಬ್ಬರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವು ಇನ್ನೂ ನಿಚ್ಚಳವಾದುದು. ಒಂದು ತಂಡವು ಗದ್ಯಭಾಗವೊಂದನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ತಂಡವು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಸ್ತಕವಿಲ್ಲದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷಗಳ ಮೇಲೆ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಅವರಿಗೆ ನೂರಕ್ಕೆ ೮೩, ಇವರಿಗೆ ೭೧. ಒಂದು ವಾರದ ಮೇಲೆ ಪರೀಕ್ಷಿಸಿದಾಗ ಓದಿದವರಲ್ಲಿ ಉಳಿದದ್ದು ೪೦, ನೆನಪಿಸಿಕೊಂಡವರಲ್ಲಿ ೬೧. ಸ್ವಾರಸ್ಯವೇನೆಂದರೆ, ತಮಗೆ ಹೆಚ್ಚು ನೆನಪಿರುವುದೆಂದು ಮುಂಚಿತವಾಗಿ ನಂಬಿದ್ದವರು ಹಲವು ಬಾರಿ ಓದಿದವರೇ.

ಈ ಕೊನೆಯ ಅಂಶವು ನಮ್ಮ ವಿಚಾರಕ್ಕೆ ಅತ್ಯಂತ ಮುಖ್ಯವಾದುದು. ಮರಳಿ ಮರಳಿ ಓದಿದಾಗ ಪುಟವು ಪರಿಚಿತವಾಗುತ್ತದೆ. ಪರಿಚಯವನ್ನೇ ಮನಸ್ಸು ಜ್ಞಾನವೆಂದು ಎಣಿಸುತ್ತದೆ. ದಾರಿಯಲ್ಲಿ ದಿನವೂ ಕಾಣುವ ಮನುಷ್ಯನ ಮುಖವು ಪರಿಚಿತವಾಗಿದ್ದರೂ ಅವನ ಹೆಸರು ಕೇಳಿದರೆ ನಾವು ತಡವರಿಸುವುದಿಲ್ಲವೆ? ೨೦೧೩ರಲ್ಲಿ ಡನ್ಲಾಸ್ಕಿ ಮತ್ತು ಸಂಗಡಿಗರು ವಿದ್ಯಾರ್ಥಿಗಳು ಬಳಸುವ ಹತ್ತು ವಿಧಾನಗಳನ್ನು ತೂಗಿನೋಡಿ, ಸ್ವಪರೀಕ್ಷೆ ಮತ್ತು ಕಾಲಾಂತರದ ಆವೃತ್ತಿ ಇವೆರಡಕ್ಕೆ ಮಾತ್ರ ಉಚ್ಚಸ್ಥಾನವನ್ನು ಕೊಟ್ಟರು. ‘ಏಕೆ’ ಎಂದು ಕೇಳಿಕೊಳ್ಳುವುದು, ತನಗೆ ತಾನೇ ವಿವರಿಸಿಕೊಳ್ಳುವುದು, ವಿಷಯಗಳನ್ನು ಬೆರಸಿ ಅಭ್ಯಾಸ ಮಾಡುವುದು ಇವು ಮಧ್ಯಮ. ಮರುಓದು ಮತ್ತು ಗೆರೆ ಎಳೆಯುವುದು ಕೆಳಗಿನ ಸಾಲಿಗೆ ಹೋದವು.

ನಮ್ಮ ಉಪದೇಶದ ಪಟ್ಟಿಯಲ್ಲಿ ಮೇಲಿದ್ದವೇ ಇಲ್ಲಿ ಕೆಳಗಿವೆ. ನಾವು ಬಿಡಬೇಕೆಂದುದರ ತಿರುಳೇ ಇಲ್ಲಿ ಮೇಲಿದೆ. ಹಾಗೆಂದು ಹಳೆಯವರು ಮನಶ್ಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಹೇಳುವುದು ಅತಿಶಯೋಕ್ತಿ. ಕಾಗದ ದುರ್ಲಭವಾದಾಗ ನೆನಪೇ ಕಾಗದವಾಗಬೇಕಾಗಿತ್ತು. ನಿರ್ಬಂಧದಿಂದ ಹುಟ್ಟಿದ ಕ್ರಮವು ಸಫಲವಾಯಿತು. ಕಾಗದವು ಸುಲಭವಾದಾಗ ಆ ನಿರ್ಬಂಧದೊಡನೆ ಕ್ರಮವೂ ಹೋಯಿತು. ಅದು ಏಕೆ ಫಲಿಸುತ್ತಿತ್ತೆಂಬುದನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

೫

ಇನ್ನು ಅರ್ಥದ ಪ್ರಶ್ನೆ. ಬಾಯಿಪಾಠವನ್ನೂ ಅರ್ಥವನ್ನೂ ಕೂಡಿಸಿದ ಕ್ರಮವು ನಮ್ಮಲ್ಲಿ ಇರಲೇ ಇಲ್ಲವೆ? ಇದಕ್ಕೆ ಉತ್ತರವು ದೂರದಲ್ಲಿಲ್ಲ. ಕೆನರಾದ ಕಲೆಕ್ಟರನು ಖಾಲಿ ಬಿಟ್ಟ ಕೋಷ್ಟಕದ ಸೀಮೆಯಲ್ಲಿಯೇ ಅದಕ್ಕೆ ಎರಡು ನಿದರ್ಶನಗಳು ದೊರೆಯುತ್ತವೆ.

ಮೊದಲನೆಯದು ಶಾಸ್ತ್ರದ್ದು. ಇಂದಿನ ಉತ್ತರ ಕನ್ನಡ ಜಿಲ್ಲೆಯ ಹಾಡುವಳ್ಳಿಯ ಜೈನ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕನು ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ಕನ್ನಡದ ವ್ಯಾಕರಣವೆಲ್ಲ ಅಲ್ಲಿ ೫೯೨ ಸಂಸ್ಕೃತ ಸೂತ್ರಗಳಲ್ಲಿ ಅಡಗಿದೆ. ಸೂತ್ರಗಳನ್ನು ಬರೆದವನೇ ಅವುಗಳಿಗೆ ವೃತ್ತಿಯನ್ನು ಬರೆದನು. ವೃತ್ತಿಯ ಮೇಲೆ ವ್ಯಾಖ್ಯಾನವನ್ನೂ ತಾನೇ ಬರೆದನು. ಸೂತ್ರವು ಬಾಯಿಗೆ, ವೃತ್ತಿಯು ಬುದ್ಧಿಗೆ, ವ್ಯಾಖ್ಯಾನವು ವಾದಕ್ಕೆ. ಈ ಮೂರು ಅಂತಸ್ತುಗಳ ರಚನೆಯು ಪಾಂಡಿತ್ಯದ ಅಲಂಕಾರವಲ್ಲ. ಅದು ವ್ಯಾಸಂಗದ ಒಂದು ವಿಧಾನ. ಚಿಕ್ಕದನ್ನು ಗಟ್ಟಿಯಾಗಿ ಹಿಡಿದುಕೊಂಡು ಅದರ ಆಧಾರದ ಮೇಲೆ ದೊಡ್ಡದನ್ನು ಬಿಚ್ಚುತ್ತ ಹೋಗಬೇಕು. ಸೂತ್ರವನ್ನು ಮಾತ್ರ ಬಲ್ಲವನು ಗಿಳಿ. ಸೂತ್ರವಿಲ್ಲದೆ ವ್ಯಾಖ್ಯಾನವನ್ನು ಓದಿದವನು ತೂತುಮಡಕೆ.

ಎರಡನೆಯದು ಜನಪದರದ್ದು. ಮಳೆಗಾಲದ ಇರುಳುಗಳಲ್ಲಿ ಸಿದ್ದಾಪುರ, ಶಿರಸಿ, ಯಲ್ಲಾಪುರಗಳ ಹಳ್ಳಿಗಳಲ್ಲಿ ನಡೆಯುವ ತಾಳಮದ್ದಳೆಯನ್ನು ನಾವು ಕಲೆಯೆಂದು ಮಾತ್ರ ನೋಡುತ್ತೇವೆ. ಕಲಿಕೆಯ ದೃಷ್ಟಿಯಿಂದ ಅದನ್ನು ನೋಡಿದರೆ ಬೇರೊಂದು ಬೆಲೆಯು ಕಾಣುತ್ತದೆ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ. ಆ ಪದ್ಯವು ನಿಯತವಾದುದು. ಅರ್ಥಧಾರಿಯು ಅದಕ್ಕೆ ಅರ್ಥವನ್ನು ಹೇಳುತ್ತಾನೆ. ಆ ಅರ್ಥವು ನಿಯತವಾದುದಲ್ಲ, ಆಗಿಂದಾಗಲೇ ಹುಟ್ಟಬೇಕು. ವೇಷವಿಲ್ಲ, ಎದುರಿಗೆ ಪುಸ್ತಕವಿಲ್ಲ. ‘ವಾಲಿವಧೆ’ಯಲ್ಲಿ ಮರೆಯಿಂದ ಬಾಣ ಬಿಟ್ಟುದೇಕೆಂದು ವಾಲಿಯು ಕೇಳಿದರೆ, ರಾಮನ ಪಾತ್ರಧಾರಿಯು ಉತ್ತರ ಕೊಡಲೇಬೇಕು. ಆ ಪ್ರಶ್ನೆಯು ಯಾವ ಮಗ್ಗುಲಿನಿಂದ ಬರುವುದೆಂದು ಅವನಿಗೆ ಮೊದಲೇ ತಿಳಿದಿರುವುದಿಲ್ಲ. ಕಥೆಯನ್ನು ಬಾಯಿಪಾಠ ಮಾಡಿದ ಮಾತ್ರದಿಂದ ಅಲ್ಲಿ ಪಾರಾಗುವಂತಿಲ್ಲ. ಕಥೆಯು ಬಾಯಲ್ಲಿ ಇಲ್ಲದಿದ್ದರೆ ಬಾಯಿ ತೆರೆಯುವಂತೆಯೂ ಇಲ್ಲ. ಅದೇ ಪ್ರಸಂಗವು ಮುಂದಿನ ತಿಂಗಳು ಮತ್ತೊಂದು ಊರಿನಲ್ಲಿ, ಮತ್ತೊಬ್ಬ ಎದುರಾಳಿಯೊಡನೆ ನಡೆಯುತ್ತದೆ. ಆಗ ಅದೇ ಪದ್ಯದಿಂದ ಹೊಸ ಅರ್ಥವನ್ನು ತೆಗೆಯಬೇಕಾಗುತ್ತದೆ. ನೆನೆಯುವುದು, ಕಾಲಾಂತರದಲ್ಲಿ ಮರಳುವುದು, ‘ಏಕೆ’ ಎಂಬುದಕ್ಕೆ ಉತ್ತರಿಸುವುದು ಎಂದು ಪ್ರಯೋಗಶಾಲೆಯು ಬಿಡಿಬಿಡಿಯಾಗಿ ಅಳೆದ ಮೂರು ಗುಣಗಳೂ ಇಲ್ಲಿ ಒಂದೇ ಚಾವಡಿಯಲ್ಲಿ ಕೂಡಿವೆ.

ಇದರಿಂದ ಕ್ಯಾಂಪ್‌ಬೆಲ್ಲನ ಗಿಳಿಗೆ ಉತ್ತರವು ಸಿಕ್ಕಿತೆಂದು ನಾವು ತಿಳಿಯುತ್ತೇವೆ. ಬಾಯಿಪಾಠವು ಅರ್ಥಕ್ಕೆ ಶತ್ರುವಲ್ಲ. ಬಾಯಿಪಾಠದಲ್ಲಿಯೇ ನಿಂತುಬಿಡುವುದು ಅರ್ಥಕ್ಕೆ ಶತ್ರು.

೬

ಇಷ್ಟನ್ನು ಹೇಳಿದ ಮೇಲೆ ಹಳೆಯ ಕ್ರಮದ ಇನ್ನೊಂದು ಮುಖವನ್ನು ಮರೆಮಾಚಬಾರದು. ಕೆನರಾದ ವಿದ್ಯೆಯು ಖಾಸಗಿ ಮನೆಗಳಲ್ಲಿ ನಡೆಯುತ್ತದೆಂದು ಕಲೆಕ್ಟರನು ಬರೆದಾಗ, ಆ ಮನೆಗಳು ಯಾರವು ಎಂಬ ಪ್ರಶ್ನೆಯು ತಾನಾಗಿ ಏಳುತ್ತದೆ. ಉಪಾಧ್ಯಾಯನನ್ನು ಇರಿಸಿಕೊಳ್ಳಬಲ್ಲ ಮನೆಯ ಮಕ್ಕಳಿಗೆ ಪಾಠವನ್ನು ಒಪ್ಪಿಸಿಕೊಳ್ಳುವವರು ಇದ್ದರು. ಅದೇ ತೋಟದಲ್ಲಿ ದುಡಿಯುವವನ ಮಕ್ಕಳಿಗೆ ಅವರಿರಲಿಲ್ಲ. ಬಳ್ಳಾರಿಯ ಸಂಖ್ಯೆಗಳೂ ಇದನ್ನೇ ಹೇಳುತ್ತವೆ. ಸಾವಿರ ಜನರಿಗೆ ಸುಮಾರು ೭ ಮಂದಿ ವಿದ್ಯಾರ್ಥಿಗಳು. ನೂರು ವಿದ್ಯಾರ್ಥಿಗಳಿಗೆ ಒಬ್ಬಳು ಹುಡುಗಿಯೂ ಪೂರ್ತಿಯಾಗಿ ಇಲ್ಲ. ತಾಳಮದ್ದಳೆಯ ಕೂಟವೂ ಬಹುಕಾಲ ಗಂಡಸರದೇ ಆಗಿತ್ತು. ಮಹಿಳೆಯರ ಕೂಟಗಳು ನಡೆಯತೊಡಗಿದ್ದು ಇತ್ತೀಚಿನ ದಶಕಗಳಲ್ಲಿ. ವಿಧಾನವು ಎಷ್ಟೇ ಉತ್ತಮವಾಗಿರಲಿ, ಅದು ಕೆಲವರ ಸೊತ್ತಾಗಿದ್ದಿತೆಂಬುದು ನಿರ್ವಿವಾದ.

ಇಪ್ಪತ್ತನೆಯ ಶತಮಾನವು ಈ ಬಾಗಿಲನ್ನು ತೆರೆಯಿತು. ಸರಕಾರದ ಶಾಲೆಗಳೂ, ದಿನಕರ ದೇಸಾಯಿಯವರು ೧೯೫೩ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನಂತಹ ಸಂಸ್ಥೆಗಳೂ ಈ ಜಿಲ್ಲೆಯ ಹಳ್ಳಿಗಳಿಗೆ ಶಿಕ್ಷಣವನ್ನು ಕೊಂಡೊಯ್ದವು. ಇಂದು ಸಿದ್ದಾಪುರದ ಕಾಲೇಜಿಗೆ ಘಟ್ಟದ ಅಂಚಿನ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ವಿದ್ಯಾರ್ಥಿಗಳಲ್ಲಿ ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಲು ಹತ್ತಿದವರಿದ್ದಾರೆ; ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇದು ೧೮೨೨ರ ಖಾಲಿ ಕೋಷ್ಟಕಕ್ಕೆ ನಾಡು ಕೊಟ್ಟ ಉತ್ತರ.

ಆದರೆ ಬಾಗಿಲು ತೆರೆದ ಕಾಲದಲ್ಲಿಯೇ ಒಪ್ಪಿಸುವ ಕ್ರಮವು ಬಿಟ್ಟುಹೋಯಿತು. ಹೊಸದಾಗಿ ಬಂದವರಿಗೆ ನಾವು ಪುಸ್ತಕವನ್ನು ಕೊಟ್ಟೆವು, ಟಿಪ್ಪಣಿಯನ್ನು ಕೊಟ್ಟೆವು, ಗೈಡುಗಳು ಸಿಗುವಂತೆ ಆಯಿತು, ಈಗ ಅಂಗೈಯ ಫೋನಿನಲ್ಲಿ ಎಲ್ಲವೂ ದೊರೆಯುತ್ತದೆ. ಕೊಡದೆ ಬಿಟ್ಟದ್ದು ಒಂದನ್ನೇ: ಒಪ್ಪಿಸಿಕೊಳ್ಳುವ ಕಿವಿ. ಓದಿದವರಿರುವ ಮನೆಯ ವಿದ್ಯಾರ್ಥಿಗೆ ಊಟದ ಹೊತ್ತಿನಲ್ಲಾದರೂ ‘ಇವತ್ತು ಏನು ಕಲಿತೆ, ಹೇಳು’ ಎನ್ನುವವರು ಇರುತ್ತಾರೆ. ಹಣವಿದ್ದವರು ಟ್ಯೂಶನ್ನಿನಲ್ಲಿ ಅದನ್ನು ಕೊಂಡುಕೊಳ್ಳುತ್ತಾರೆ. ಎರಡೂ ಇಲ್ಲದ ವಿದ್ಯಾರ್ಥಿಗೆ ತನ್ನ ಓದನ್ನು ಮೊದಲ ಬಾರಿಗೆ ಒಪ್ಪಿಸುವ ಸಂದರ್ಭವು ಸೆಮಿಸ್ಟರಿನ ಕೊನೆಯ ಪರೀಕ್ಷೆಯೇ. ಮೊದಲ ಅಭ್ಯಾಸವೂ ಕೊನೆಯ ತೀರ್ಪೂ ಒಂದೇ ದಿನ ಬಂದರೆ ಸೋಲುವುದು ಸಹಜ. ಆ ಸೋಲನ್ನು ನಾವು ಬುದ್ಧಿಯ ಕೊರತೆಯೆಂದು ಬರೆದುಕೊಳ್ಳುತ್ತೇವೆ. ವ್ಯಾಸಂಗಕ್ರಮದ ಪ್ರಶ್ನೆಯು ಹೀಗೆ ಸಾಮಾಜಿಕ ನ್ಯಾಯದ ಪ್ರಶ್ನೆಯೂ ಆಗುತ್ತದೆ.

೭

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಯೋಜನೆಗಳು ಬೇಕಾಗಿಲ್ಲ. ಇತಿಹಾಸದ ತರಗತಿಯನ್ನು ಉದಾಹರಣೆಯಾಗಿ ತೆಗೆದುಕೊಂಡು ನಾಲ್ಕು ಮಾತುಗಳನ್ನು ಸೂಚಿಸುತ್ತೇವೆ.

ಮೊದಲನೆಯದಾಗಿ, ಪ್ರತಿಯೊಂದು ಪಾಠದ ಕೊನೆಯ ಹತ್ತು ನಿಮಿಷ ಪುಸ್ತಕಗಳು ಮುಚ್ಚಿರಬೇಕು. ತಾಳಗುಂದದ ಶಾಸನವನ್ನು ಕುರಿತು ಪಾಠವಾಯಿತೆನ್ನೋಣ. ಮಯೂರಶರ್ಮನು ಯಾರೊಡನೆ, ಎಲ್ಲಿಗೆ, ಏತಕ್ಕಾಗಿ ಹೋದನು. ಅಲ್ಲಿ ಆದ ಕಲಹವಾವುದು. ಅದರಿಂದ ಬನವಾಸಿಯ ಚರಿತ್ರೆಯು ಹೇಗೆ ತಿರುಗಿತು ಎಂಬುದನ್ನು ವಿದ್ಯಾರ್ಥಿಯು ನೋಡದೆ ಬರೆಯಲಿ. ಬರೆದ ಮೇಲೆ ಪುಸ್ತಕವನ್ನು ತೆರೆದು ತಾನೇ ತಿದ್ದಿಕೊಳ್ಳಲಿ. ಇದಕ್ಕೆ ಅಂಕಗಳನ್ನು ಕೊಡಕೂಡದು. ಅಂಕ ಬಂದೊಡನೆ ಭಯವು ಬರುತ್ತದೆ, ಭಯದೊಡನೆ ನಕಲೂ ಬರುತ್ತದೆ. ವೇದವನ್ನು ಕಲಿಯಲು ಕಾಂಚಿಯ ಘಟಿಕೆಗೆ ಹೋದವನ ಕಥೆಯನ್ನು ಕಲಿಕೆಯ ಈ ಕ್ರಮದಿಂದಲೇ ಕಲಿಯುವುದು ಉಚಿತವೂ ಆಗಿದೆ.

ಎರಡನೆಯದಾಗಿ, ಇಬ್ಬಿಬ್ಬರ ಜೊತೆಗಳನ್ನು ಗೊತ್ತುಮಾಡಬೇಕು. ಒಬ್ಬರು ಹೇಳಬೇಕು, ಇನ್ನೊಬ್ಬರು ಪುಸ್ತಕ ಹಿಡಿದು ಕೇಳಬೇಕು. ಮರುದಿನ ಪಾತ್ರವು ಬದಲಾಗಬೇಕು. ಬಸ್ಸಿಗಾಗಿ ಕಾಯುವ ಅರ್ಧ ಗಂಟೆಯೂ ಇದಕ್ಕೆ ಸಾಕು. ಕ್ಯಾಂಪ್‌ಬೆಲ್ಲನು ಮೆಚ್ಚಿದ, ಬೆಲ್ಲನು ಹಡಗಿನಲ್ಲಿ ಕೊಂಡೊಯ್ದ ಪದ್ಧತಿಯು ಇದೇ. ಅದನ್ನು ಮರಳಿ ತರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮನೆಯಲ್ಲಿ ಓದಿದವರಿಲ್ಲದ ವಿದ್ಯಾರ್ಥಿಗೆ ಇದರಿಂದ ಆಗುವ ಉಪಕಾರವು ಎಲ್ಲಕ್ಕಿಂತ ಹೆಚ್ಚಿನದು.

ಮೂರನೆಯದಾಗಿ, ಹಳೆಯ ಪಾಠಕ್ಕೆ ಮರಳುವ ದಿನಗಳನ್ನು ನಿಯತಮಾಡಬೇಕು. ಇಂದಿನ ಪಾಠದ ಪ್ರಶ್ನೆಯು ನಾಳೆ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳ ಮೇಲೆ ಒಮ್ಮೆ ಬರಬೇಕು. ಸ್ವಲ್ಪ ಮರೆತ ಮೇಲೆ ಪ್ರಯಾಸದಿಂದ ನೆನೆದುದೇ ದೃಢವಾಗಿ ನಿಲ್ಲುತ್ತದೆ. ಆ ಪ್ರಯಾಸವನ್ನು ವಿದ್ಯಾರ್ಥಿಯು ಅಪಜಯವೆಂದು ತಿಳಿಯದಂತೆ ಅಧ್ಯಾಪಕನು ಎಚ್ಚರವಹಿಸಬೇಕು.

ನಾಲ್ಕನೆಯದಾಗಿ, ಇಸವಿಗಳನ್ನು ಕೇಳಿದಾಗಲೆಲ್ಲ ‘ಏಕೆ’ ಎಂಬುದನ್ನೂ ಕೇಳಬೇಕು. ೧೭೬೩ರಲ್ಲಿ ಹೈದರನು ಬಿದನೂರನ್ನು ಗೆದ್ದನು. ಅನಂತರ ಸೋದೆಯ ಅರಸನು ಗೋವೆಗೆ ಹೋದನು. ೧೭೯೯ರಲ್ಲಿ ಕೆನರಾ ಕಂಪೆನಿಯ ವಶವಾಯಿತು. ಇವು ಮೂರು ಬಿಡಿ ಮಣಿಗಳಾಗಿ ಉಳಿದರೆ ಪರೀಕ್ಷೆಯ ಮರುದಿನವೇ ಚೆದುರಿಹೋಗುತ್ತವೆ. ಬಿದನೂರು ಬಿದ್ದರೆ ಸೋದೆಗೆ ಏಕೆ ಆಪತ್ತು? ಅರಸನು ಬೇರೆಡೆಗೆ ಹೋಗದೆ ಪೋರ್ಚುಗೀಸರ ಆಶ್ರಯಕ್ಕೆ ಏಕೆ ಹೋದನು? ಶ್ರೀರಂಗಪಟ್ಟಣದಲ್ಲಿ ಆದ ಯುದ್ಧದಿಂದ ಘಟ್ಟದ ಕಾಡಿನ ಹಳ್ಳಿಯ ಕಂದಾಯವು ಬೇರೊಬ್ಬರಿಗೆ ಏಕೆ ಸಂದಿತು? ಹೀಗೆ ಕೇಳಿದರೆ ಮೆಣಸಿನ ವ್ಯಾಪಾರ, ಬಂದರುಗಳು, ಘಟ್ಟದ ದಾರಿಗಳು ಎಲ್ಲವೂ ದಾರವಾಗಿ ಬರುತ್ತವೆ. ಇಸವಿಗಳನ್ನು ಬಾಯಿಪಾಠ ಮಾಡಬೇಕೆ ಎಂಬ ಹಳೆಯ ಜಗಳಕ್ಕೂ ಇಲ್ಲಿ ಪರಿಹಾರವಿದೆ. ಮಾಡಬೇಕು, ಆದರೆ ಅವು ಸೂತ್ರಗಳೆಂದು ತಿಳಿದು ಮಾಡಬೇಕು. ವೃತ್ತಿ ವ್ಯಾಖ್ಯಾನಗಳನ್ನು ವಿದ್ಯಾರ್ಥಿಯೇ ಹೇಳಬೇಕು.

ಒಂದು ಆಕ್ಷೇಪಕ್ಕೆ ಉತ್ತರಿಸಬೇಕಾಗಿದೆ. ಪಠ್ಯಭಾಗವು ಅಪಾರವಾಗಿದೆ, ಅವಧಿಗಳು ಕಡಮೆ, ಪಾಠವನ್ನು ಮುಗಿಸುವುದೇ ದುಸ್ತರವಾಗಿರುವಾಗ ಒಪ್ಪಿಸಿಕೊಳ್ಳುವುದಕ್ಕೆ ಹೊತ್ತೆಲ್ಲಿ ಎಂದು ಅಧ್ಯಾಪಕರು ಕೇಳುವುದು ನ್ಯಾಯವಾಗಿಯೇ ಇದೆ. ಆದರೆ ಪಾಠವು ಮುಗಿಯಿತೆಂಬುದು ಯಾರ ದೃಷ್ಟಿಯಿಂದ? ನಾವು ಹೇಳಿ ಮುಗಿಸಿದೆವೆಂದಮಾತ್ರಕ್ಕೆ ವಿದ್ಯಾರ್ಥಿಯು ಕಲಿತು ಮುಗಿಸಿದನೆಂದಾಗುವುದಿಲ್ಲ. ಒಂದು ವಾರದ ಮೇಲೆ ನೂರರಲ್ಲಿ ನಲವತ್ತು ಉಳಿಯುವಂತೆ ಹತ್ತು ಅಧ್ಯಾಯಗಳನ್ನು ಹೇಳುವುದಕ್ಕಿಂತ, ಅರವತ್ತು ಉಳಿಯುವಂತೆ ಎಂಟನ್ನು ಹೇಳುವುದರಲ್ಲಿ ಲೆಕ್ಕದ ದೃಷ್ಟಿಯಿಂದಲೂ ಲಾಭವಿದೆ.

೧೮೨೨ರ ಕಲೆಕ್ಟರನಿಗೆ ಈ ಸೀಮೆಯಲ್ಲಿ ಎಣಿಸತಕ್ಕ ಶಾಲೆ ಕಾಣಲಿಲ್ಲ. ಇಂದು ಎಣಿಕೆಗೆ ತೊಂದರೆಯಿಲ್ಲ. ದಾಖಲೆ, ಹಾಜರಿ, ಫಲಿತಾಂಶ ಎಲ್ಲದಕ್ಕೂ ಕೋಷ್ಟಕಗಳಿವೆ, ಅವೆಲ್ಲ ತುಂಬಿಯೂ ಇವೆ. ಈ ವರ್ಷ ನಮ್ಮ ತರಗತಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ, ಪ್ರತಿಯೊಬ್ಬ ವಿದ್ಯಾರ್ಥಿನಿಯ ಪಾಠವನ್ನು ಪರೀಕ್ಷೆಗೆ ಮುಂಚೆ ಒಮ್ಮೆಯಾದರೂ ಯಾರಾದರೂ ಒಪ್ಪಿಸಿಕೊಂಡರೇ ಎಂಬ ಕಲಮು ಮಾತ್ರ ಅವುಗಳಲ್ಲಿ ಇಲ್ಲ. ಅಧ್ಯಾಪಕರು ತಮ್ಮ ಮಟ್ಟಿಗೆ ಆ ಕಲಮನ್ನು ಬರೆದಿಟ್ಟುಕೊಂಡು ತುಂಬತೊಡಗಿದರೆ, ವ್ಯಾಸಂಗವನ್ನು ಕುರಿತ ಉಪದೇಶದ ಅಗತ್ಯವು ಬಹುಮಟ್ಟಿಗೆ ಕಡಮೆಯಾದೀತು.